ಮೀನು ಪೆಟ್ಟಿಗೆಯ ಬಸಳೆ

ಮನೆಯಲ್ಲಿ ಕುಂಡ ಇಟ್ಟು ಗಿಡ ಬೆಳೆಸಿದರೆ ಮನಸ್ಸು ಶಾಂತವಾಗುತ್ತದೆ ಎಂದು ಮೊದಲು ಬರೆದವರು ಯಾರೋ ಗೊತ್ತಿಲ್ಲ, ನನ್ನ ಅಮ್ಮನನ್ನಂತೂ ಅವರು ನೋಡಿದವರಲ್ಲ. ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಇಂಥ ಬರಹಗಳು ಆಗಾಗ ಬರುತ್ತಿರುತ್ತವೆ. ಗಾಳಿ ಶುದ್ಧವಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ವಿಷ ಹೊಡೆಯದ ತರಕಾರಿ ಸಿಗುತ್ತದೆ, ಒಳ್ಳೆಯ ನಿದ್ರೆ ಬರುತ್ತದೆ, ನೆರೆಹೊರೆಯವರಲ್ಲಿ ಪ್ರೀತಿ ಬೆಳೆಯುತ್ತದೆ. ಇದನ್ನೆಲ್ಲ ಕಳಿಸುವವರ ಮನೆಯ ಬಾಗಿಲಲ್ಲಿ ಇರುವುದು ಧೂಳು ಹಿಡಿದ ಪ್ಲಾಸ್ಟಿಕ್ ಗುಲಾಬಿ. ನಮ್ಮ ತಾರಸಿಯಲ್ಲಿ ಗಿಡ ಎದ್ದ ಮೇಲೆ ಇಡೀ ಕಟ್ಟಡದ ರಕ್ತದೊತ್ತಡ ಏರಿತು, ನಿವಾಸಿಗಳ ಸಂಘದ ಕಾರ್ಯದರ್ಶಿಗಳ ನಿದ್ರೆ ಕೆಟ್ಟಿತು, ಗಾಳಿಯ ವಿಷಯ ಕೇಳಲೇ ಬೇಡಿ. ಆದರೂ ಆ ಗಿಡಗಳಿಂದ ನನಗೊಂದು ಲಾಭವಾಯಿತು. ಯಾವ ಬರಹದಲ್ಲೂ ಅದರ ಸುದ್ದಿ ಇಲ್ಲದ ಕಾರಣ ನಾನೇ ಬರೆಯುತ್ತಿದ್ದೇನೆ.

ನಾವಿರುವುದು ಕುಂದಾಪುರ ಪೇಟೆಯ ಒಂದು ಮೂರು ಮಾಳಿಗೆಯ ಕಟ್ಟಡದಲ್ಲಿ. ಕಟ್ಟಿಸಿದವನ ಉಮೇದು ಎರಡೂವರೆ ಮಾಳಿಗೆಗೇ ಮುಗಿದಿತ್ತೆಂದು ಕಾಣುತ್ತದೆ, ಮೂರನೆಯದು ಅರ್ಧಕ್ಕೇ ನಿಂತಿದೆ. ಆ ಅರ್ಧದಲ್ಲಿ ನಮ್ಮ ಮನೆ, ಉಳಿದರ್ಧ ಬಯಲು ತಾರಸಿ. ಬಾಗಿಲು ತೆಗೆದರೆ ನೇರ ಆಕಾಶಕ್ಕೇ ಕಾಲಿಟ್ಟ ಹಾಗೆ. ನನಗೆ ಪೇಟೆಯಲ್ಲೇ ಒಂದು ಹೊಲಿಗೆ ಅಂಗಡಿಯಿದೆ. ರವಿಕೆ ಹೊಲಿಯುತ್ತೇನೆ, ಹೊಲಿದದ್ದನ್ನು ಬಿಚ್ಚಿ ದೊಡ್ಡದು ಮಾಡಿ ಕೊಡುತ್ತೇನೆ, ಎರಡನೆಯ ಕೆಲಸವೇ ಜಾಸ್ತಿ.

ಮದುವೆಯಾಗಿಲ್ಲ. ಅದಕ್ಕೂ ಕಾರಣ ಅಮ್ಮನೇ. ಅವಳು ಕಿರಿಮಂಜೇಶ್ವರದ ಕಡಲಬದಿಯವಳು, ಅಪ್ಪ ಹೋದ ಮೇಲೆ ಮೀನಿನ ಬುಟ್ಟಿ ಹೊತ್ತು ನನ್ನನ್ನು ಸಾಕಿದವಳು. ನಾನು ಓದಿದ್ದು ಬಂಗುಡೆಯಿಂದ, ಹೊಲಿಗೆ ಯಂತ್ರ ಬಂದದ್ದು ಅಂಜಲಿನಿಂದ. ಆದರೆ ಜೀವಮಾನವಿಡೀ ಚೌಕಾಸಿ ಮಾಡಿದವಳಿಗೆ ಗಂಡಿನ ಕಡೆಯವರು ಬಂದರೂ ಗಿರಾಕಿ ಬಂದ ಹಾಗೇ ಕಾಣುತ್ತಿತ್ತು. ಬಂದವರ ಎದುರು ಕೂತು, ಹುಡುಗನ ಬಣ್ಣ ಇಳಿದಿದೆ, ಕಣ್ಣು ಮಾಸಿದೆ, ಹೀಗಾದರೆ ನಮಗೆ ಗಿಟ್ಟುವುದಿಲ್ಲ ಎಂದು ಮುಖಕ್ಕೇ ಹೇಳುವಳು. ಅವರು ಎದ್ದು ಹೋಗುವರು. ಎದ್ದು ಹೋದ ಗಿರಾಕಿ ನಾಲ್ಕು ಹೆಜ್ಜೆ ನಡೆದು ತಿರುಗಿ ಬರುತ್ತಾನೆ ಎಂಬುದು ಮೀನು ಮಾರುಕಟ್ಟೆಯ ನಿಯಮ. ಗಂಡಿನ ಕಡೆಯವರಿಗೆ ಆ ನಿಯಮ ಗೊತ್ತಿರಲಿಲ್ಲ. ನನಗೇನೂ ಬೇಸರವಿಲ್ಲ. ಒಬ್ಬನಿಗಂತೂ ನಿಜವಾಗಿಯೂ ಕಣ್ಣು ಮಾಸಿತ್ತು.

ಮೂರು ಮಳೆಗಾಲದ ಹಿಂದೆ ಅಮ್ಮನ ಮೊಣಕಾಲು ಕೈಕೊಟ್ಟಿತು. ಇನ್ನು ಬುಟ್ಟಿ ಹೊರುವ ಹಾಗಿಲ್ಲ, ನೆಲದಲ್ಲಿ ಕುಕ್ಕರುಗಾಲಲ್ಲಿ ಕೂರುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಅವಳನ್ನು ಕರೆದುಕೊಂಡು ಬಂದು ನನ್ನ ಮನೆಯಲ್ಲಿ ಕೂರಿಸಿದೆ. ಕುರ್ಚಿ ಮೇಲೆ, ಕಿಟಕಿ ಬದಿಯಲ್ಲಿ, ಫ್ಯಾನಿನ ಕೆಳಗೆ. ಅವಳು ಇಷ್ಟು ಸುಖ ಯಾವತ್ತೂ ಪಟ್ಟಿರಲಿಲ್ಲ, ಇಷ್ಟು ಕೆಟ್ಟ ಮುಖವನ್ನೂ ಯಾವತ್ತೂ ಮಾಡಿರಲಿಲ್ಲ.

ಅವಳಿಗೆ ಕೆಲಸ ಬೇಕಿತ್ತು ಎಂದರೆ ಅರ್ಧ ಸತ್ಯ. ಬೇಕಿದ್ದದ್ದು ಗಿರಾಕಿ. ಎದುರಿಗೆ ಒಬ್ಬರು ನಿಂತು ಇದು ಹಳೆಯ ಮೀನು ಎನ್ನಬೇಕು, ನಿನ್ನ ಮೂಗು ಹಳೆಯದು ಎಂದು ಇವಳು ಹೇಳಬೇಕು, ಆಮೇಲೆ ಇಬ್ಬರೂ ಒಂದು ದರಕ್ಕೆ ಬರಬೇಕು, ಕೊನೆಗೆ ಇವಳು ಬೈಯುತ್ತಲೇ ಒಂದು ಸಣ್ಣ ಮೀನು ಕೊಸರು ಹಾಕಬೇಕು. ಅವಳ ಮಟ್ಟಿಗೆ ಮನುಷ್ಯರ ಜೊತೆ ಮಾತಾಡುವುದು ಎಂದರೆ ಇದೇ. ಈಗ ಯಾರೂ ಸಿಗದೆ ಕಾಲಿಗೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿಯನ್ನು ಹಿಡಿದುಕೊಂಡಳು. ಆ ಹುಡುಗಿ ಹತ್ತು ಸಲ ಕಾಲೆತ್ತಿ ಎಂದರೆ ಇವಳು ನಾಲ್ಕಕ್ಕೆ ಕೇಳುವಳು, ಕೊನೆಗೆ ಆರಕ್ಕೆ ಮುಗಿಯುವುದು. ವ್ಯಾಯಾಮ ಮುಗಿದ ಮೇಲೆ ಕೊಸರಿಗೆ ಇನ್ನೊಂದು ಸಲ ಎತ್ತುವಳು. ಹುಡುಗಿ ಬರುವುದು ನಿಂತ ಮೇಲೆ ಅದೂ ಇಲ್ಲ.

ಹಾಗಾಗಿ ವಾಟ್ಸಾಪಿನ ಮಾತು ನಂಬಿ ನಾನೇ ಗಿಡದ ಯೋಚನೆ ಮಾಡಿದೆ. ಬಿಳಿ ಬಣ್ಣದ ಚಂದದ ಕುಂಡಗಳನ್ನು ತಂದು ತಾರಸಿಯಲ್ಲಿ ಸಾಲಾಗಿ ಇಟ್ಟೆ. ಅಮ್ಮ ಬಂದು ಒಂದನ್ನು ಎತ್ತಿ ತಿರುಗಿಸಿ ನೋಡಿದಳು.

"ಇದ್ರೊಳ್ಗೆ ಒಂದ್ ಬಂಗುಡೆ ಮಲ್ಗುಕೂ ಆತ್ತಿಲ್ಲೆ," ಎಂದಳು.

ಎರಡು ದಿನ ಬಿಟ್ಟು ನಾನು ಅಂಗಡಿಯಿಂದ ಬಂದರೆ ತಾರಸಿಯ ತುಂಬ ಥರ್ಮೋಕೋಲ್ ಪೆಟ್ಟಿಗೆಗಳು. ಐಸು ಹಾಕಿ ಮೀನು ಕಳಿಸುವ ಪೆಟ್ಟಿಗೆ ಇದೆಯಲ್ಲ, ಅವೇ. ಬಂದರಿನಲ್ಲಿ ಅವಳ ಗುರುತಿನವರಿಗೆ ಫೋನು ಮಾಡಿ, ಮೂಲೆ ಒಡೆದು ಎಸೆಯಲು ಇಟ್ಟದ್ದನ್ನೆಲ್ಲ ರಿಕ್ಷಾದಲ್ಲಿ ತರಿಸಿಕೊಂಡಿದ್ದಳು. ಐಸಿನ ನೀರು ಹೋಗಲಿಕ್ಕೆ ಅಡಿಯಲ್ಲಿ ಮೊದಲೇ ತೂತು ಇರುತ್ತದೆ, ಗಿಡಕ್ಕೆ ಬೇಕಾದದ್ದೂ ಅದೇ ತಾನೇ ಎಂದು ನನ್ನನ್ನೇ ಕೇಳಿದಳು. ಮಣ್ಣು ಗುಲ್ವಾಡಿಯಿಂದ ಬಂತು. ನನ್ನ ಗಿರಾಕಿಯೊಬ್ಬಳ ತೋಟ ಹೊಳೆಬದಿಯಲ್ಲಿದೆ. ಅವಳ ರವಿಕೆಯನ್ನು ಬಿಚ್ಚಿ ದೊಡ್ಡದು ಮಾಡಿ ಕೊಟ್ಟದ್ದಕ್ಕೆ ಪ್ರತಿಯಾಗಿ ಚೀಲಗಟ್ಟಲೆ ಮೆಕ್ಕಲು ಮಣ್ಣು ಕೊಡಬೇಕೆಂದು ಅಮ್ಮನೇ ಮಾತು ಮುಗಿಸಿದ್ದಳು. ಅಂಗಡಿ ಯಾರದು ಎಂದು ನನಗೆ ಅನುಮಾನ ಬಂದದ್ದು ಆವಾಗ.

ಬಸಳೆ, ಹರಿವೆ, ಬೆಂಡೆ, ಒಂದಿಷ್ಟು ಅಬ್ಬಲಿಗೆ ಹೂವಿನ ಗಿಡ. ಬಸಳೆ ಹಬ್ಬಲು ಚಪ್ಪರಕ್ಕೆ ಹಳೆಯ ಬಲೆ ಕಟ್ಟಿದಳು. ಗೊಬ್ಬರಕ್ಕೆ ಬೇರೆ ಹುಡುಕಾಟ ಇರಲಿಲ್ಲ. ಮೀನು ತೊಳೆದ ನೀರು ದಿನಾ, ಬೈಗೆ ಮೀನಿನ, ಬಂಗುಡೆಯ ತಲೆ, ಕರುಳು ಇದ್ದಾಗ ಇದ್ದಷ್ಟು, ಮಣ್ಣಿನಡಿಗೆ. ನಮ್ಮ ಮನೆಯಲ್ಲಿ ಮೀನಿಲ್ಲದ ದಿನ ಬಹಳ ಕಡಿಮೆ, ಆದ್ದರಿಂದ ಗಿಡಗಳಿಗೆ ಉಪವಾಸ ಎಂಬುದೇ ಇರಲಿಲ್ಲ. ನವರಾತ್ರಿ ಹೊತ್ತಿಗೆ ಬಸಳೆ ಬಲೆ ಹತ್ತಿ, ಮೋಟುಗೋಡೆ ದಾಟಿ, ಕೆಳಗಿನ ಮನೆಯ ಕಿಟಕಿಗೆ ಇಣುಕುತ್ತಿತ್ತು. ಒಂದೊಂದು ಎಲೆ ಅಂಗೈಯಗಲ, ದಂಟು ಬೆರಳು ದಪ್ಪ.

ಇಷ್ಟು ಬಸಳೆ ಇಬ್ಬರೇ ತಿಂದು ಮುಗಿಯುವುದಲ್ಲ. ಕೆಳಗಿನವರಿಗೆಲ್ಲ ಒಂದೊಂದು ಕಟ್ಟು ಕೊಟ್ಟು ಬರುತ್ತೇನೆ ಎಂದು ನಾನು ಹೊರಟರೆ ಅಮ್ಮ ನನ್ನ ಕೈಯಿಂದ ಕಟ್ಟು ಕಸಿದುಕೊಂಡಳು. ಬಿಟ್ಟಿ ಕೊಡುವುದು ಅವಳ ಪ್ರಕಾರ ಭಿಕ್ಷೆ ಹಾಕಿದ ಹಾಗೆ, ಕೊಟ್ಟವರಿಗೂ ಮರ್ಯಾದೆಯಿಲ್ಲ, ತಕ್ಕೊಂಡವರಿಗೂ ಇಲ್ಲ. ಮಾರನೆಯ ಬೆಳಿಗ್ಗೆ ಮೋಟುಗೋಡೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು, ಕಡಲಬದಿಯಿಂದ ಹೆದ್ದಾರಿಗೆ ಕೇಳುತ್ತಿದ್ದ ಆ ಗಂಟಲು ತೆರೆದಳು.

"ಹ್ವಾಯ್, ಬಸಳಿ ಬೇಕಾ, ಬಸಳಿ."

ಕಟ್ಟಡದ ಅರ್ಧ ಜನ ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದರು. ನನಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು, ಆದರೆ ಮೂರನೇ ಮಾಳಿಗೆಯಲ್ಲಿ ಭೂಮಿ ಎಲ್ಲಿಂದ ಬರಬೇಕು.

ಒಂದು ಮನೆಯನ್ನು ಮಾತ್ರ ಅವಳು ಕರೆಯಲಿಲ್ಲ. ನೇರ ಕೆಳಗಿನ ಮನೆ. ಅಲ್ಲಿ ಇರುವುದು ಸಂಘದ ಕಾರ್ಯದರ್ಶಿ ಮತ್ತು ಅವರ ಹೆಂಡತಿ. ಮಡಿ ಹುಡಿಯ ಜನ, ಈರುಳ್ಳಿಗೇ ಎರಡು ಸಲ ಯೋಚಿಸುವವರು. ಆ ಅಮ್ಮನ ತವರು ಕಿರಿಮಂಜೇಶ್ವರದ ದೇವಸ್ಥಾನದ ಕೇರಿ. ಅಂದರೆ ನನ್ನ ಅಮ್ಮನ ಊರೇ, ಇನ್ನೊಂದು ಕೊನೆ. ಹಿಂದೆಲ್ಲ ಮೀನಿನ ಬುಟ್ಟಿಯವರು ಆ ಕೇರಿಯ ತಿರುವಿಗೆ ಬಂದ ಕೂಡಲೇ ಕೂಗು ನಿಲ್ಲಿಸಿ, ಬುಟ್ಟಿಗೆ ಎಲೆ ಮುಚ್ಚಿ, ಸುಮ್ಮನೆ ದಾಟಿ ಹೋಗುತ್ತಿದ್ದರು. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದೂ ಅಲ್ಲ, ಹಾಗೆ ನಡೆದು ಬಂದದ್ದು. ಊರು ಬಿಟ್ಟು ಇಷ್ಟು ವರ್ಷವಾದರೂ ಅಮ್ಮನ ಗಂಟಲು ಆ ಮನೆಯ ಕಿಟಕಿಯ ಮೇಲೆ ಬಂದಾಗ ತಾನೇ ತಗ್ಗುತ್ತಿತ್ತು.

ನಾಲ್ಕು ದಿನ ನೋಡಿ ಆ ಅಮ್ಮನೇ ಮೆಟ್ಟಿಲು ಹತ್ತಿ ಬಂದರು. ಎಲ್ಲರನ್ನೂ ಕರೆದಿರಿ, ನಮ್ಮನ್ನು ಕರೆಯಲಿಲ್ಲ, ನಮ್ಮ ಮನೆಯಲ್ಲಿ ಬಸಳೆ ತಿನ್ನುವುದಿಲ್ಲ ಎಂದು ಯಾರು ಹೇಳಿದರು ಎಂದು ಕೇಳಿದರು. ನಾನು ಒಂದು ಕಟ್ಟು ಕೈಗೆ ಕೊಡಲು ಹೋದೆ. ಅಮ್ಮ ತಡೆದಳು.

"ಪುಕ್ಸಟ್ಟೆ ಕೊಟ್ರೆ ನಾಳೆ ನೀವ್ ಬಪ್ಪುದಿಲ್ಲೆ. ಎಂತಾರೂ ಒಂದ್ ತಕಂಡ್ ಬನ್ನಿ, ಕಾಂಬ."

ಆ ಅಮ್ಮ ಕೆಳಗೆ ಹೋಗಿ ಮಾವಿನ ಮಿಡಿ ಉಪ್ಪಿನಕಾಯಿಯ ಸಣ್ಣ ಬಾಟಲಿ ತಂದರು. ಬಾಟಲಿ ಸಣ್ಣದಾಯಿತು ಎಂದು ಅಮ್ಮ. ಕಟ್ಟೂ ಏನು ದೊಡ್ಡದಲ್ಲ ಎಂದು ಅವರು. ಅವರು ಮಾತು ಬೆಳೆಸುವ ಜನವೆಂದು ನನಗೆ ಅನಿಸಿರಲೇ ಇಲ್ಲ. ಆದರೆ ನೋಡನೋಡುತ್ತ ಇಬ್ಬರೂ ತಾರಸಿಯ ಬಿಸಿಲಲ್ಲಿ ಹಠಕ್ಕೆ ಬಿದ್ದು, ಅವರು ಹೊರಟ ಹಾಗೆ ಮಾಡಿ, ಮೆಟ್ಟಿಲವರೆಗೆ ಹೋಗಿ, ತಿರುಗಿ ಬಂದರು. ಅಮ್ಮನ ಮುಖ ಆವತ್ತು ಬೆಳಗಿದ್ದನ್ನು ನಾನು ಮರೆಯಲಾರೆ. ನಿಯಮ ಗೊತ್ತಿರುವವರೊಬ್ಬರು ಕೊನೆಗೂ ಸಿಕ್ಕಿದ್ದರು. ಕಟ್ಟಿನ ಮೇಲೆ ಕೊಸರಿಗೆ ಎರಡು ದಂಟು ಇಟ್ಟು, ಇನ್ನೊಮ್ಮೆ ಹೀಗೆ ಮಾಡಿದರೆ ನನಗೆ ಗಿಟ್ಟುವುದಿಲ್ಲ ಎಂದು ಗೊಣಗಿದಳು.

ಆಮೇಲೆ ಅದೇ ಬೆಳಗಿನ ಬೋಣಿ. ದಿನ ಬಿಟ್ಟು ದಿನ ಆ ಅಮ್ಮ ಬರುವರು, ಒಂದು ಚಿಪ್ಪು ಬಾಳೆಹಣ್ಣೋ, ಹಲಸಿನ ಹಪ್ಪಳವೋ, ಅರ್ಧ ತೆಂಗಿನಕಾಯಿಯೋ ಹಿಡಿದುಕೊಂಡು. ಬಸಳೆ ಹುಳಿಗೆ ಹೋಯಿತು, ಅಬ್ಬಲಿಗೆ ದೇವರ ತಲೆಗೆ ಹೋಯಿತು. ಕಾರ್ಯದರ್ಶಿಗಳು ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಿ, ಶುದ್ಧ ಸಾವಯವ, ಪೇಟೆ ಸೊಪ್ಪಿಗೆ ಈ ರುಚಿ ಎಲ್ಲಿ ಬರಬೇಕು ಎಂದು ಹೊಗಳಿದರು. ಹೌದು ಎಂದೆ. ಬೈಗೆಯ ತಲೆಗಿಂತ ಸಾವಯವ ಪ್ರಪಂಚದಲ್ಲಿ ಇನ್ನೇನಿದೆ. ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೆ, ದೇವರ ತಲೆಯ ವಿಷಯ ಬೇರೆ ಇತ್ತಲ್ಲ.

ಸುಖ ಕೆಡಲಿಕ್ಕೆ ಒಂದು ಕಾಗೆ ಸಾಕಾಯಿತು. ಮಳೆ ಬಿಟ್ಟು ಮೋಡ ಮುಚ್ಚಿ, ಗಾಳಿ ಅಲ್ಲಾಡದ ಒಂದು ವಾರ. ತಾರಸಿಯಿಂದ ವಾಸನೆ ಇಳಿಯತೊಡಗಿತ್ತು, ಬೆಕ್ಕುಗಳು ಬೇರೆ ಬಂದು ಸೇರಿದ್ದವು. ಆ ಕಾಗೆ ಪೆಟ್ಟಿಗೆಯ ಮಣ್ಣು ಕೆದರಿ ಬಂಗುಡೆಯ ತಲೆಯೊಂದನ್ನು ಎಳೆದುಕೊಂಡು ಹಾರಿತು, ಭಾರ ತಡೆಯದೆ ಬಿಟ್ಟಿತು. ಅದು ಬಿದ್ದದ್ದು ಕಾರ್ಯದರ್ಶಿಗಳು ಪೂಜೆಗೆಂದು ಮಡಿಯಲ್ಲಿ ಒಣಹಾಕಿದ್ದ ಪಂಚೆಯ ಮೇಲೆ. ಇಡೀ ಪೇಟೆಯಲ್ಲಿ ಅದಕ್ಕೆ ಬೇರೆ ಜಾಗವೇ ಸಿಗಲಿಲ್ಲ.

ಅವರು ಮೇಲೆ ಬಂದರು. ಬೈಯಲಿಲ್ಲ, ಅದೇ ತೊಂದರೆ. ಕಾಗೆ ಆ ತಲೆಯನ್ನು ಮಾರುಕಟ್ಟೆಯಿಂದ ತಂದದ್ದು, ವಾಸನೆ ಹಳೆಯ ಮೀನು ಪೆಟ್ಟಿಗೆಗಳದ್ದು ಎಂದೇ ಅವರು ತಿಳಿದಿದ್ದರು. ಬಹಳ ಸೌಮ್ಯವಾಗಿ, ವಾಸನೆ ನಿಲ್ಲದಿದ್ದರೆ ತಿಂಗಳ ಕೊನೆಯೊಳಗೆ ಪೆಟ್ಟಿಗೆಗಳನ್ನು ತೆಗೆಯಬೇಕಾಗುತ್ತದೆ, ಸಂಘದ ತೀರ್ಮಾನ ಎಂದರು. ಬಾಗಿಲ ಹತ್ತಿರ ಅಮ್ಮ ನಿಂತಿದ್ದಳು. ಅವರು ಇಳಿದು ಹೋದ ಮೇಲೆ ನನ್ನ ಕಡೆ ತಿರುಗಿ, ಇಷ್ಟು ವರ್ಷ ಮೀನು ಮಾರಿದೆ, ನಿನ್ನ ಮೀನು ನಾತ ಎಂದು ಮುಖಕ್ಕೆ ಹೇಳಿ ನಂಬಿಸಿದವರು ಒಬ್ಬರಿಲ್ಲ ಎಂದಳು. ದನಿ ಸಣ್ಣದಾಗಿತ್ತು. ಅವಮಾನವಾಗಿತ್ತು ಅವಳಿಗೆ, ನನಗೆ ಅರ್ಥವಾಯಿತು. ಅರ್ಥವಾದ ಮೇಲೆ ಮನೆಯಲ್ಲಿ ಕೂತು ಅವಳನ್ನು ಕಾಯಬೇಕಿತ್ತು, ಆದರೆ ಮದುವೆಯ ಸೀಸನ್, ಅಂಗಡಿಗೆ ಹೋದೆ.

ಮೀನು ಮಾರುವವಳ ಬುಟ್ಟಿಯಲ್ಲಿ ಸಂಜೆಗೆ ಮೀನು ಉಳಿದು ವಾಸನೆ ಏಳುವ ಲಕ್ಷಣ ಕಂಡರೆ ಅವಳು ಏನು ಮಾಡುತ್ತಾಳೆ? ಉಪ್ಪು ಹಾಕುತ್ತಾಳೆ. ಅಮ್ಮ ಅದನ್ನೇ ಮಾಡಿದಳು. ಕಲ್ಲುಪ್ಪಿನ ಚೀಲ ತರಿಸಿ, ಒಂದೊಂದು ಪೆಟ್ಟಿಗೆಯ ಮಣ್ಣನ್ನೂ ಬಿಡಿಸಿ, ಒಣಮೀನಿಗೆ ಹಾಕುವ ಹಾಗೆ ಪದರ ಪದರವಾಗಿ ಉಪ್ಪು ಹಾಕಿ, ಮೇಲಿಂದ ತಟ್ಟಿ ಕೂರಿಸಿದಳು. ಸಂಜೆ ನಾನು ಬಂದು ಗಾಬರಿಯಿಂದ ಕೇಳಿದರೆ ಅವಳ ಹತ್ತಿರ ವಾದವೂ ತಯಾರಿತ್ತು. ಕಡಲಬದಿಯಲ್ಲಿ ತೆಂಗಿನ ಬುಡಕ್ಕೆ ಉಪ್ಪು ಹಾಕುವುದಿಲ್ಲವೇ? ಅಷ್ಟೆತ್ತರದ ಮರಕ್ಕೆ ಆಗುವುದು ಇಷ್ಟುದ್ದದ ಬಸಳೆಗೆ ಯಾಕೆ ಆಗಬಾರದು? ನನಗೆ ಉತ್ತರ ಗೊತ್ತಿರಲಿಲ್ಲ. ನಾನು ರವಿಕೆ ಹೊಲಿಯುವವಳು.

ಉತ್ತರವನ್ನು ಬಸಳೆಯೇ ಕೊಟ್ಟಿತು. ವಾಸನೆ ನಿಜಕ್ಕೂ ಹೋಯಿತು, ಕಾರ್ಯದರ್ಶಿಗಳು ಗುಂಪಿನಲ್ಲಿ ಹೆಬ್ಬೆರಳು ಎತ್ತಿ ಸಹಕಾರಕ್ಕೆ ಧನ್ಯವಾದ ಎಂದು ಹಾಕಿದರು. ವಾಸನೆಯ ಹಿಂದೆಯೇ ಹರಿವೆ ಹೋಯಿತು, ಬೆಂಡೆ ಹೋಯಿತು, ಅಬ್ಬಲಿಗೆ ಬುಡದಿಂದ ಕಪ್ಪಾಯಿತು. ಕೊನೆಗೆ ಬಸಳೆಯ ಎಲೆಗಳು ಒಂದೊಂದಾಗಿ ಬಲೆಯಲ್ಲಿ ಜೋತುಬಿದ್ದವು. ನಾನು ನೀರು ಹೊಯ್ದು ಹೊಯ್ದು ಉಪ್ಪು ತೊಳೆಯಲು ನೋಡಿದೆ, ತಡವಾಗಿತ್ತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಮಾಡಿದವರಿಗೆ ನಮ್ಮ ತಾರಸಿಯನ್ನು ತೋರಿಸಬೇಕಿತ್ತು. ಎರಡೂ ಸೇರಿ ಒಂದು ಹಸಿರೆಲೆ ಉಳಿಸಿರಲಿಲ್ಲ.

ತಮಾಷೆ ಅಲ್ಲಿಗೆ ಮುಗಿಯಿತು. ಅಮ್ಮ ಬೆಳಿಗ್ಗೆ ಮೋಟುಗೋಡೆಯ ಹತ್ತಿರ ಹೋಗುವುದನ್ನು ಬಿಟ್ಟಳು. ಊಟಕ್ಕೆ ಕೂತರೆ ಸಾರು ಸಪ್ಪೆ ಎನ್ನಲಿಲ್ಲ, ಮೀನು ತಂದರೆ ನಿನಗೆ ಮೋಸ ಮಾಡಿದ್ದಾರೆ ಎನ್ನಲಿಲ್ಲ. ನನ್ನ ಜೀವಮಾನದಲ್ಲಿ ಮೊದಲ ಸಲ ಅವಳು ನಾನು ಹೇಳಿದ ದರಕ್ಕೆ ಹೂಂ ಎಂದಳು, ಅದನ್ನು ಕೇಳಿ ನನಗೆ ಹೆದರಿಕೆಯಾಯಿತು. ಒಂದು ಸಂಜೆ ಬಂದರೆ ನನ್ನ ಹೊಸ ನೈಲಾನ್ ಬ್ಯಾಗು ಬಾಗಿಲ ಬದಿಯಲ್ಲಿ ತುಂಬಿ ಕೂತಿತ್ತು. ಯಡ್ತರೆಯಲ್ಲಿ ನನ್ನ ಸೋದರಮಾವನ ಮನೆಯಿದೆ, ಅಲ್ಲಿಗೆ ಹೋಗುತ್ತಾಳಂತೆ. ಅಲ್ಲಿ ರಸ್ತೆ ಬದಿಯಲ್ಲಿ ಗೋಣಿ ಹಾಸಿ ಕೂತು ಮತ್ತೆ ಮೀನು ಮಾರುತ್ತಾಳಂತೆ. ಮೊಣಕಾಲು? ಅದು ಹೇಗೂ ಹಾಳಾದದ್ದೇ ಅಂತೆ. ನಾನು ಸಿಟ್ಟು ಮಾಡಿದೆ, ಡಾಕ್ಟರ ಮಾತು ನೆನಪಿಸಿದೆ, ಎರಡು ವರ್ಷ ಸಾಕಿದ್ದಕ್ಕೆ ಇದೇನಾ ಎಂದು ಕೇಳಬಾರದ್ದನ್ನೂ ಕೇಳಿದೆ. ಅವಳು ತಿರುಗಿ ಬೈಯಲಿಲ್ಲ.

"ನೀ ಬ್ಯಾಜಾರ್ ಮಾಡ್ಬ್ಯಾಡ. ಬೆಳಿಗ್ಗೆ ಎದ್ರೆ ಬಾಯ್ ಬಿಡುಕೆ ಒಂದ್ ಜನ ಇಲ್ಲೆ ಇಲ್ಲಿ. ನಾನ್ ಇಪ್ಪುದ್ ಯಾರಿಗೆ?"

ನನಗೆ ಎಂದು ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಅಂಥ ಮಾತು ಯಾರೂ ಆಡಿದ್ದಿಲ್ಲ, ಪ್ರೀತಿ ಏನಿದ್ದರೂ ಕೊಸರಿನಲ್ಲೇ. ದಿನವಿಡೀ ಯಂತ್ರದ ಸದ್ದಿನಲ್ಲಿ ಕೂತು ಸಂಜೆ ಮೂರು ಮಾಳಿಗೆ ಹತ್ತುವಾಗ ಮೇಲಿಂದ ಅಮ್ಮನ ಜಗಳದ ದನಿ ಕೇಳಿದರೆ ನನ್ನ ಆಯಾಸ ಇಳಿಯುತ್ತಿತ್ತು. ಅವಳು ಹೋದರೆ ಆ ಮನೆಯಲ್ಲಿ ನಾನು, ಫ್ಯಾನು ಮತ್ತು ಬಿಳಿ ಕುಂಡಗಳು. ಬರುವ ಭಾನುವಾರದವರೆಗಾದರೂ ನಿಲ್ಲು ಎಂದು ಬೇಡಿಕೊಂಡೆ. ಆಯಿತು ಎಂದಳು, ಅದಕ್ಕೂ ಚೌಕಾಸಿಯಿಲ್ಲ.

ಭಾನುವಾರ ನಾನು ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದೆ. ಅಲ್ಲಿಯ ನರ್ಸರಿಯೊಂದರಲ್ಲಿ ಇದ್ದದ್ದರಲ್ಲಿ ಚಂದದ ಗಿಡಗಳನ್ನು ಆರಿಸಿ, ಮಡಿಲಲ್ಲಿಟ್ಟುಕೊಂಡು ತಂದೆ. ಅಮ್ಮನ ಎದುರು ಸಾಲಾಗಿ ಇಟ್ಟೆ. ಅವಳು ಒಂದೊಂದರ ಎಲೆ ಮಗುಚಿ, ಮೀನಿನ ಕಿವಿರು ತೆರೆದು ನೋಡುವ ಹಾಗೆ ಬುಡ ಒತ್ತಿ, ಮೂಸಿ, ದೂರ ತಳ್ಳಿದಳು.

"ಐಸ್ ಹಾಕಿದ್ ಮಾಲ್ ಇದ್. ಹೊರ್ಗೆ ಹೊಳಿತ್, ಒಳ್ಗ್ ಎಂತದೂ ಇಲ್ಲೆ."

ಮಂಗಳವಾರ ಬೆಳಗಿನ ಬಸ್ಸು ಎಂದು ತೀರ್ಮಾನವಾಯಿತು. ಸೋಮವಾರ ಬೆಳಿಗ್ಗೆ ನಾನು ಅಂಗಡಿಗೆ ಹೊರಡಲು ಸೀರೆ ಉಡುತ್ತಿದ್ದೆ, ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಅಮ್ಮ. ಸೆರಗಿನಡಿ ಏನೋ ಮುಚ್ಚಿಟ್ಟುಕೊಂಡಿದ್ದರು. ಏದುಸಿರು ಬಿಡುತ್ತ ಒಳಗೆ ಬಂದು, ಬ್ಯಾಗು ನೋಡಿ, ಅಮ್ಮನನ್ನು ನೋಡಿ, ಎದುರಿನ ಕುರ್ಚಿಯಲ್ಲಿ ಕೂತರು.

ಅವರು ಹೇಳಿದ್ದು ಇಷ್ಟು. ಸಣ್ಣವರಿರುವಾಗ ಅವರ ಕೇರಿಯ ತಿರುವಿನವರೆಗೆ ಮೀನಿನವಳ ಕೂಗು ಕೇಳುತ್ತಿತ್ತಂತೆ, ಅಲ್ಲಿ ಟಪ್ಪನೆ ನಿಲ್ಲುತ್ತಿತ್ತಂತೆ. ಒಳಗೆ ಹೂ ಕಟ್ಟುತ್ತ ಕೂತಿದ್ದವರು ಕೈ ನಿಲ್ಲಿಸಿ, ಕೇರಿ ದಾಟಿದ ಮೇಲೆ ಅದು ಎಲ್ಲಿ ಮತ್ತೆ ಶುರುವಾಗುತ್ತದೆ ಎಂದು ಕಿವಿಗೊಟ್ಟು ಕಾಯುತ್ತಿದ್ದರಂತೆ. ಯಾವಾಗಲೂ ಆಲದ ಮರದ ಹತ್ತಿರ ಶುರುವಾಗಿಯೇ ಆಗುತ್ತಿತ್ತು. ಈಗ ಇಷ್ಟು ದಿನದಿಂದ ಮೇಲಿನ ಕೂಗು ನಿಂತಿದೆ. ಬೆಳಿಗ್ಗೆ ಕಾಫಿ ಹಿಡಿದುಕೊಂಡು ಕಿಟಕಿಯಲ್ಲಿ ಕಾದೆ, ಇವತ್ತು ಶುರುವಾದೀತು, ನಾಳೆ ಶುರುವಾದೀತು ಎಂದು. ಆಗಲಿಲ್ಲ. ಅದಕ್ಕೇ ಬಂದೆ ಎಂದರು.

ಆ ಕೂಗಿದವಳು ನಾನೇ ಎಂದಳು ಅಮ್ಮ. ಆ ಕಾಲಕ್ಕೆ ಅವಳಿನ್ನೂ ಲಂಗದಲ್ಲಿದ್ದಿರಬೇಕು, ನಾನು ತಿದ್ದಲು ಹೋಗಲಿಲ್ಲ. ಅವಳು ನೆಲ ನೋಡುತ್ತ, ಎಲ್ಲ ಸತ್ತು ಹೋಯಿತು ಎಂದಳು. ಆಮೇಲೆ ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೂ ಹೊರಗೆ ಹಾಕಿದಳು. ನೀವು ತಿಂದ ಬಸಳೆಗೆ, ದೇವರಿಗೆ ಇಟ್ಟ ಹೂವಿಗೆ ನಾನು ಹೊಯ್ದದ್ದು ಮೀನು ತೊಳೆದ ನೀರು, ತಪ್ಪಾಯಿತು ಎಂದಳು. ನಾನು ಸೀರೆಯ ನೆರಿಗೆ ಕೈಯಲ್ಲಿ ಹಿಡಿದುಕೊಂಡೇ ನಿಂತೆ.

ಆ ಅಮ್ಮ ನಕ್ಕರು.

"ನಂಗ್ ಮೊದ್ಲ್ ದಿನವೇ ಗೊತ್ತಿತ್ತ್. ನಾನ್ ದೊಡ್ಡ್ ಆದ್ದೂ ಅದೇ ಕಡ್ಲಿನ್ ಗಾಳಿ ಕುಡ್ದೇ ಅಲ್ದಾ?"

ದೇವರಿಗೆ ಗೊತ್ತಾಗುವುದಿಲ್ಲವೇ ಎಂದು ಅಮ್ಮ ಕೇಳಿದಳು. ಮತ್ಸ್ಯಾವತಾರ ಎತ್ತಿದವನಿಗೆ ಗೊತ್ತಾದರೆ ಏನಂತೆ, ನಮ್ಮನೆಯವರಿಗೆ ಗೊತ್ತಾಗದಿದ್ದರೆ ಸಾಕು ಎಂದರು ಅವರು. ಎಂದು, ಸೆರಗಿನಡಿಯಿಂದ ಹಳೆಯ ಪೇಂಟ್ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೊಂದು ಬಸಳೆ ಬಳ್ಳಿ. ನಮ್ಮ ತಾರಸಿಯದ್ದೇ ದಂಟು, ಹುಳಿಗೆ ಎಲೆ ಕೊಯ್ದುಕೊಂಡು ಉಳಿದದ್ದನ್ನು ವಾಷಿಂಗ್ ಮಷೀನಿನ ಹಿಂದೆ ಊರಿ ಇಟ್ಟಿದ್ದರಂತೆ. ಬರೀ ನೀರು ಕುಡಿದು ನರಪೇತಲವಾಗಿತ್ತು, ಎಲೆ ಕಿರುಬೆರಳಷ್ಟು. ಆದರೆ ಜೀವ ಇತ್ತು.

ಅಮ್ಮನ ಕೈ ತಾನಾಗಿ ಡಬ್ಬಿಯ ಕಡೆ ಹೋಯಿತು. ಆ ಅಮ್ಮ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು.

"ಪುಕ್ಸಟ್ಟೆ ಕೊಡುದಿಲ್ಲೆ," ಎಂದರು.

ಅವರಿಗೆ ಬೇಕಿದ್ದದ್ದು ಮೀನಿನ ನೀರು. ತಮ್ಮ ಬಾಲ್ಕನಿಯಲ್ಲಿ ಇನ್ನೂ ಎರಡು ಡಬ್ಬಿ ಬಸಳೆ, ಒಂದು ಮಲ್ಲಿಗೆ ಇದೆ, ಯಾವುದೂ ಮೇಲೇಳುತ್ತಿಲ್ಲ, ಆದ್ದರಿಂದ ವಾರಕ್ಕೆ ಎರಡು ಬಾಟಲಿ ಕೊಡಬೇಕು, ಬಾಟಲಿಗೆ ಮುಚ್ಚಳ ಗಟ್ಟಿ ಇರಬೇಕು, ಗಂಡ ವಾಕಿಂಗಿಗೆ ಹೋದಾಗಲೇ ಕೊಡಬೇಕು, ಮತ್ತು ವಾಸನೆ ಬರಬಾರದು. ಅಮ್ಮ ಬೆನ್ನು ನೆಟ್ಟಗೆ ಮಾಡಿ, ಎರಡು ಬಾಟಲಿ ಎಲ್ಲಿಂದ ತರಲಿ, ಒಂದು ಎಂದಳು. ಈ ಬಳ್ಳಿ ಸಾಯದೆ ಉಳಿದದ್ದೇ ನನ್ನ ಮನೆಯಲ್ಲಿ, ಎರಡು ಎಂದರು ಅವರು. ವಾಸನೆ ಬರದ ಹಾಗೆ ಮಾಡಬೇಕಾದರೆ ಬೆಲ್ಲ ಹಾಕಿ ಡಬ್ಬಿಯಲ್ಲಿ ಮುಚ್ಚಿಡಬೇಕು, ಬೆಲ್ಲ ಯಾರದು ಎಂದಳು ಅಮ್ಮ. ಬೆಲ್ಲ ನಮ್ಮದು, ಮೀನು ನಿಮ್ಮದು ಎಂದರು. ಮೊದಲೇ ಬೆಲ್ಲದ ವಿಷಯ ಗೊತ್ತಿದ್ದೂ ಉಪ್ಪು ಯಾಕೆ ಹಾಕಿದೆ ಎಂದು ನಾನು ನಡುವೆ ಬಾಯಿ ಹಾಕಿದೆ. ವ್ಯಾಪಾರದ ನಡುವೆ ಬಾಯಿ ಹಾಕಬೇಡ ಎಂದು ಇಬ್ಬರೂ ಒಟ್ಟಿಗೇ ಗದರಿದರು. ಅವರು ಡಬ್ಬಿ ಎತ್ತಿಕೊಂಡು ಎದ್ದು ಬಾಗಿಲವರೆಗೆ ಹೋದರು, ತಿರುಗಿ ಬಂದರು. ಒಂದೂವರೆ ಬಾಟಲಿಗೆ ಮುಗಿಯಿತು. ನಾನು ತಡವಾಗಿ ಅಂಗಡಿಗೆ ಓಡಿದೆ. ಯಡ್ತರೆಗೆ ಹೋಗುವ ವಿಷಯ ಯಾರೂ ಎತ್ತಲಿಲ್ಲ, ಬ್ಯಾಗು ಬಾಗಿಲ ಬದಿಯಲ್ಲೇ ಇತ್ತು.

ಆವತ್ತು ಒಂದು ರವಿಕೆಗೆ ಎರಡೂ ಎಡತೋಳು ಹೊಲಿದೆ. ಸಂಜೆ ಮೆಟ್ಟಿಲು ಹತ್ತುವಾಗ ಮೇಲಿಂದ ಯಾವ ದನಿಯೂ ಇರಲಿಲ್ಲ. ಬಾಗಿಲು ತೆಗೆದರೆ ಬ್ಯಾಗು ಇಲ್ಲ. ಕುರ್ಚಿ ಖಾಲಿ, ಅಡುಗೆಮನೆ ಖಾಲಿ. ಮಂಗಳವಾರ ಎಂದು ಹೇಳಿ ಸೋಮವಾರವೇ ಹೋಗಿಬಿಟ್ಟಳು ಎಂದುಕೊಂಡೆ. ಬಸ್ ಸ್ಟ್ಯಾಂಡಿಗೆ ಓಡೋಣ ಎಂದು ತಿರುಗಿದವಳಿಗೆ ತಾರಸಿಯ ಮೂಲೆಯಲ್ಲಿ ಅಮ್ಮನ ಬೆನ್ನು ಕಾಣಿಸಿತು.

ಸಣ್ಣ ಸ್ಟೂಲಿನ ಮೇಲೆ ಕೂತಿದ್ದಳು. ಉಪ್ಪು ಬಿದ್ದ ಪೆಟ್ಟಿಗೆಗಳು ಮುಂದಿನ ಮಳೆಗಾಲದವರೆಗೆ ಕೆಲಸಕ್ಕಿಲ್ಲ, ಬಿಳಿ ಕುಂಡಗಳು ಅವಳ ಲೆಕ್ಕಕ್ಕೇ ಇಲ್ಲ. ಮೂಲೆಯಲ್ಲಿ ಗುಲ್ವಾಡಿಯ ಮಣ್ಣು ಒಂದು ಚೀಲ ಹಾಗೇ ಉಳಿದಿತ್ತು. ಅದನ್ನು ಅವಳು ನನ್ನ ಹೊಸ ನೈಲಾನ್ ಬ್ಯಾಗಿಗೆ ತುಂಬಿಸಿದ್ದಳು. ಅಡಿಯಲ್ಲಿ ಕತ್ತರಿಯಿಂದ ನಾಲ್ಕು ತೂತು. ಜಿಪ್ಪು ತೆರೆದ ಬಾಯಲ್ಲಿ ಆ ನರಪೇತಲ ಬಸಳೆ ನಿಂತಿತ್ತು, ಅದರ ತುದಿ ಬಲೆಯ ಕಡೆ ತಿರುಗಿಸಿ ಕಟ್ಟಿತ್ತು. ಅವಳ ಸೀರೆಗಳೆಲ್ಲ ಒಳಗೆ ನನ್ನ ಮಂಚದ ಮೇಲೆ ರಾಶಿ ಬಿದ್ದಿದ್ದವು.

ನನಗೆ ಅಳು ಬಂತು, ತಡೆಯಲಾಗಲಿಲ್ಲ. ಅಮ್ಮ ಮಣ್ಣು ಮೆತ್ತಿದ ಕೈ ಎತ್ತಿ ನನ್ನ ಮುಖ ನೋಡಿದಳು, ಬ್ಯಾಗಿನ ಕಡೆ ನೋಡಿದಳು.

"ಎಂತಕ್ಕೆ ಮರ್ಕುದ್? ಬಸಳಿ ಮುಗ್ದ್ ಮೇಲೆ ತೊಳ್ದ್ ಕೊಡ್ತೆ."

ಬ್ಯಾಗಿಗಾಗಿ ಅಳುತ್ತಿದ್ದದ್ದಲ್ಲ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಒಂದು ದರ ಕೇಳುತ್ತಿದ್ದಳು.